ಹನ್ನೊಂದು ತಿಂಗಳ ಕರಾರು ಗಡಿ ದಾಟುವುದಿಲ್ಲ: ಗಡಿನಾಡಿನ ಮನೆಯೊಡೆಯರು ಅರಿತಿರಬೇಕಾದ ಬಾಡಿಗೆ ಮತ್ತು ಖರೀದಿ ಕಾನೂನುಗಳು

ಗಡಿನಾಡಿನ ಕನ್ನಡ ಕುಟುಂಬಗಳಲ್ಲಿ ದೊಡ್ಡ ಜಮೀನ್ದಾರರು ವಿರಳ. ಆದರೆ ಮಹಡಿಯ ಮೇಲಿನ ಒಂದು ಮನೆ, ಪೇಟೆ ಬೀದಿಯ ಒಂದು ಅಂಗಡಿ ಕೋಣೆ ಅಥವಾ ಹಿರಿಯರು ಬಿಟ್ಟುಹೋದ ಹಂಚಿನ ಮನೆಯನ್ನು ಬಾಡಿಗೆಗೆ ಕೊಟ್ಟು, ಆ ಹಣದಿಂದ ಮಕ್ಕಳ ಓದಿನ ವೆಚ್ಚವನ್ನು ಸರಿದೂಗಿಸುವ ಮನೆಗಳು ಬಹಳಷ್ಟಿವೆ. ಕೈಯಲ್ಲಿ ಸ್ವಲ್ಪ ಹಣ ಸೇರಿದಾಗ ಐದು ಸೆಂಟ್ಸ್ ನಿವೇಶನವನ್ನೋ ಒಂದು ಫ್ಲ್ಯಾಟನ್ನೋ ಕೊಂಡಿಡುವ ಆಸೆಯೂ ಸಹಜವೇ. ಇಂಥ ಸಣ್ಣ ಒಡೆಯರಿಗೆ ಕಾನೂನಿನ ತೊಡಕು ಎದುರಾದರೆ ವರ್ಷಗಟ್ಟಲೆ ನ್ಯಾಯಾಲಯ ಅಲೆಯುವ ಶಕ್ತಿ ಇರುವುದಿಲ್ಲ. ಆದುದರಿಂದ ಮುಂಚಿತವಾಗಿ ತಿಳಿದಿರುವುದೇ ಅವರಿಗಿರುವ ಮುಖ್ಯ ರಕ್ಷಣೆ.

ನಾವು ಇಲ್ಲಿ ಹೇಳಹೊರಟಿರುವ ವಿಷಯ ಒಂದೇ. ಕರ್ನಾಟಕದಲ್ಲಿ ರೂಢಿಯಲ್ಲಿರುವ ಬಾಡಿಗೆ ಕರಾರಿನ ಮಾದರಿಯನ್ನು ಬಂಧುಗಳಿಂದಲೋ ದಲ್ಲಾಳಿಗಳಿಂದಲೋ ಪಡೆದು, ಊರಿನ ಹೆಸರನ್ನಷ್ಟೇ ಬದಲಿಸಿ ಕಾಸರಗೋಡಿನಲ್ಲಿ, ಹೊಸೂರಿನಲ್ಲಿ, ಸೊಲ್ಲಾಪುರದಲ್ಲಿ ಬಳಸುವುದುಂಟು. ಭಾಷೆ ಒಂದೇ ಆದರೂ ಕಾನೂನು ಒಂದಲ್ಲ. ಅದೇ ಕಾಗದಕ್ಕೆ ಕೇರಳದಲ್ಲಿ ಒಂದು ಬೆಲೆ, ತಮಿಳುನಾಡಿನಲ್ಲಿ ಇನ್ನೊಂದು, ಮಹಾರಾಷ್ಟ್ರದಲ್ಲಿ ಮತ್ತೊಂದು. ಆಂಧ್ರ, ತೆಲಂಗಾಣ, ಗೋವಾಗಳಿಗೆ ತಮ್ಮದೇ ಬಾಡಿಗೆ ಕಾನೂನುಗಳಿರುವುದರಿಂದ ಈ ಲೇಖನದ ಬಾಡಿಗೆ ಭಾಗವನ್ನು ಮೊದಲ ಮೂರು ರಾಜ್ಯಗಳಿಗೆ ಸೀಮಿತಗೊಳಿಸಿದ್ದೇವೆ. ನೋಂದಣಿ ಮತ್ತು ರೇರಾ ಕುರಿತ ಮಾತುಗಳು ಎಲ್ಲರಿಗೂ ಸಲ್ಲುತ್ತವೆ.

ಹನ್ನೊಂದು ತಿಂಗಳು ಏಕೆ?

1908ರ ನೋಂದಣಿ ಕಾಯ್ದೆಯ 17ನೆಯ ಸೆಕ್ಷನ್ ಪ್ರಕಾರ ಒಂದು ವರ್ಷಕ್ಕೆ ಮೀರಿದ ಗೇಣಿ ಅಥವಾ ಬಾಡಿಗೆ ಪತ್ರವನ್ನು ಕಡ್ಡಾಯವಾಗಿ ನೋಂದಾಯಿಸಬೇಕು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 107ನೆಯ ಸೆಕ್ಷನ್ ಕೂಡ ಇದನ್ನೇ ಹೇಳುತ್ತದೆ. ನೋಂದಣಿಯ ಖರ್ಚನ್ನೂ ಓಡಾಟವನ್ನೂ ತಪ್ಪಿಸಿಕೊಳ್ಳಲು ಜನ ಕಂಡುಕೊಂಡ ದಾರಿಯೇ ಹನ್ನೊಂದು ತಿಂಗಳ ಕರಾರು. ವರ್ಷ ತುಂಬುವುದಕ್ಕೆ ಒಂದು ತಿಂಗಳು ಮೊದಲೇ ಅವಧಿ ಮುಗಿಯುವುದರಿಂದ ನೋಂದಣಿಯ ಕಡ್ಡಾಯ ತಗಲುವುದಿಲ್ಲ ಎಂಬುದು ಇದರ ಹಿಂದಿನ ತರ್ಕ.

ಕರ್ನಾಟಕದಲ್ಲಿ ಈ ತರ್ಕ ಸಾಕಷ್ಟು ಮಟ್ಟಿಗೆ ನಡೆದುಕೊಂಡು ಬಂದಿದೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆಯು ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದೆಡೆ 2,000 ರೂಪಾಯಿ ಮೀರಿದ ಬಾಡಿಗೆಯ ಕಟ್ಟಡಗಳಿಗೆ ಅನ್ವಯಿಸುವುದಿಲ್ಲ. ಇಂದಿನ ಬೆಲೆಗಳಲ್ಲಿ ಹೆಚ್ಚಿನ ಮನೆಗಳು ಈ ಮಿತಿಯನ್ನು ದಾಟಿವೆ. ಹೀಗಾಗಿ ಅಲ್ಲಿ ಒಡೆಯ ಮತ್ತು ಬಾಡಿಗೆದಾರರ ಸಂಬಂಧವನ್ನು ಮುಖ್ಯವಾಗಿ ಕರಾರು ಮತ್ತು ಆಸ್ತಿ ವರ್ಗಾವಣೆ ಕಾಯ್ದೆಗಳೇ ನಿರ್ಧರಿಸುತ್ತವೆ. ಅವಧಿ ಮುಗಿದರೆ ಮನೆಯನ್ನು ಮರಳಿ ಕೇಳುವ ಹಕ್ಕು ಒಡೆಯನಿಗೆ ಬರುತ್ತದೆ. ಗಡಿಯ ಆಚೆಗೆ ಈ ಕೊನೆಯ ಮಾತು ಹಾಗೆಯೇ ಉಳಿಯುವುದಿಲ್ಲ.

ಕಾಸರಗೋಡು: ಅವಧಿ ಮುಗಿದರೂ ಹಕ್ಕು ಮುಗಿಯದು

ಕೇರಳದಲ್ಲಿ ಜಾರಿಯಲ್ಲಿರುವುದು 1965ರ ಕೇರಳ ಕಟ್ಟಡಗಳ ಗೇಣಿ ಮತ್ತು ಬಾಡಿಗೆ ನಿಯಂತ್ರಣ ಕಾಯ್ದೆ. ಸರಕಾರ ಅಧಿಸೂಚಿಸಿದ ಪ್ರದೇಶಗಳಿಗೆ ಇದು ಅನ್ವಯಿಸುತ್ತದೆ. ಕರಾರಿನಲ್ಲಿ ಏನೇ ಬರೆದಿರಲಿ, ಈ ಕಾಯ್ದೆಯ 11ನೆಯ ಸೆಕ್ಷನ್‌ನಲ್ಲಿ ಹೇಳಿರುವ ಕಾರಣಗಳಿಲ್ಲದೆ ಬಾಡಿಗೆದಾರನನ್ನು ತೆರವುಗೊಳಿಸುವಂತಿಲ್ಲ. ಹನ್ನೊಂದು ತಿಂಗಳು ತುಂಬಿತು ಎಂಬುದು ಆ ಕಾರಣಗಳಲ್ಲಿ ಒಂದಲ್ಲ.

ಕಾಯ್ದೆ ಒಪ್ಪುವ ಮುಖ್ಯ ಕಾರಣಗಳು ಇವು: ಬಾಡಿಗೆ ಬಾಕಿ, ಒಡೆಯನಿಗೆ ಅಥವಾ ಅವನನ್ನು ಅವಲಂಬಿಸಿದ ಕುಟುಂಬದವರಿಗೆ ಕಟ್ಟಡ ನಿಜವಾಗಿ ಬೇಕಾಗಿರುವುದು, ಒಪ್ಪಿಗೆಯಿಲ್ಲದೆ ಒಳಬಾಡಿಗೆಗೆ ಕೊಟ್ಟಿರುವುದು, ಕಟ್ಟಡದ ಮೌಲ್ಯ ಕುಂದುವಂತೆ ಹಾಳುಗೆಡವಿರುವುದು, ಬಾಡಿಗೆದಾರನಿಗೆ ಅದೇ ಊರಿನಲ್ಲಿ ಬೇರೆ ಅನುಕೂಲಕರ ಕಟ್ಟಡ ದೊರೆತಿರುವುದು, ಪುನರ್ನಿರ್ಮಾಣದ ಅಗತ್ಯ, ಸಕಾರಣವಿಲ್ಲದೆ ಆರು ತಿಂಗಳು ಸತತವಾಗಿ ಕಟ್ಟಡವನ್ನು ಬಳಸದೆ ಬಿಟ್ಟಿರುವುದು.

ಪ್ರತಿಯೊಂದು ಕಾರಣಕ್ಕೂ ಅದರದೇ ಕ್ರಮವಿದೆ. ಬಾಕಿಯಿದ್ದರೆ ಮೊದಲು ನೋಟಿಸು ಕೊಡಬೇಕು. ಬಾಕಿಯನ್ನು ವರ್ಷಕ್ಕೆ ಶೇ. 6ರ ಬಡ್ಡಿ ಮತ್ತು ಅಂಚೆ ವೆಚ್ಚದೊಡನೆ ಪಾವತಿಸಲು ಬಾಡಿಗೆದಾರನಿಗೆ 15 ದಿನಗಳ ಅವಕಾಶವಿರುತ್ತದೆ. ತೆರವಿನ ಆದೇಶ ಹೊರಬಿದ್ದ ಮೇಲೂ ಒಂದು ತಿಂಗಳೊಳಗೆ, ಅಥವಾ ನ್ಯಾಯಾಲಯ ವಿಸ್ತರಿಸಿದ ಅವಧಿಯೊಳಗೆ, ಬಾಕಿ, ಬಡ್ಡಿ, ಖರ್ಚುಗಳನ್ನು ಕಟ್ಟಿದರೆ ಆ ಆದೇಶ ರದ್ದಾಗುತ್ತದೆ. ಒಳಬಾಡಿಗೆಯ ಪ್ರಕರಣದಲ್ಲಿ ನೋಂದಾಯಿತ ಅಂಚೆಯ ನೋಟಿಸು ಕೊಟ್ಟು 30 ದಿನ ಕಾಯಬೇಕು. ಸ್ವಂತ ಅಗತ್ಯಕ್ಕಾಗಿ ಕೇಳುವಾಗ ಒಡೆಯನಿಗೆ ಅದೇ ಊರಿನಲ್ಲಿ ಖಾಲಿಯಿರುವ ಬೇರೆ ಕಟ್ಟಡವಿದ್ದರೆ ವಿಶೇಷ ಕಾರಣವನ್ನು ತೋರಿಸಬೇಕು. ಬಾಡಿಗೆದಾರನು ಮುಖ್ಯವಾಗಿ ಆ ಅಂಗಡಿಯ ಆದಾಯದಿಂದಲೇ ಬದುಕುತ್ತಿದ್ದು, ಸಮೀಪದಲ್ಲಿ ಬೇರೆ ತಕ್ಕ ಜಾಗ ಸಿಗದಿದ್ದರೆ ಕಾಯ್ದೆ ಅವನ ಪಕ್ಷವನ್ನು ಹಿಡಿಯುತ್ತದೆ.

ಹೂಡಿಕೆಗಾಗಿ ಕಟ್ಟಡ ಕೊಳ್ಳುವವರು ಗಮನಿಸಬೇಕಾದ ಇನ್ನೊಂದು ಕಟ್ಟಳೆ ಇದೆ. ಬಾಡಿಗೆದಾರನಿರುವ ಕಟ್ಟಡವನ್ನು ಕ್ರಯಕ್ಕೋ ದಾನವಾಗಿಯೋ ಪಡೆದವನು ಆ ಪತ್ರದ ದಿನಾಂಕದಿಂದ ಒಂದು ವರ್ಷ ಕಳೆಯುವವರೆಗೆ ಸ್ವಂತ ಅಗತ್ಯದ ಕಾರಣ ನೀಡಿ ಅರ್ಜಿ ಹಾಕುವಂತಿಲ್ಲ. "ಕೊಂಡ ಮರುತಿಂಗಳೇ ಖಾಲಿ ಮಾಡಿಸಿ ಕೊಡುತ್ತೇವೆ" ಎಂಬ ದಲ್ಲಾಳಿಯ ಮಾತಿಗೆ ಕಾನೂನಿನ ಬೆಂಬಲವಿಲ್ಲ.

ಒಡೆಯರ ಕಡೆಗೂ ನ್ಯಾಯಾಲಯ ಕಣ್ಣು ಹಾಯಿಸಿದೆ. ನ್ಯಾಯಯುತ ಬಾಡಿಗೆಯನ್ನು ದಶಕಗಳ ಹಿಂದಿನ ಮಟ್ಟದಲ್ಲೇ ಕಟ್ಟಿಹಾಕಿದ್ದ 5, 6 ಮತ್ತು 8ನೆಯ ಸೆಕ್ಷನ್‌ಗಳನ್ನು ಕೇರಳ ಹೈಕೋರ್ಟ್ 1995ರಲ್ಲಿ ಐಸಾಕ್ ನೈನಾನ್ ಪ್ರಕರಣದಲ್ಲಿ ಅಸಿಂಧುಗೊಳಿಸಿತು. ಆದುದರಿಂದ ಬಾಡಿಗೆ ಏರಿಕೆಯ ಷರತ್ತನ್ನು ಕರಾರಿನಲ್ಲೇ ಸ್ಪಷ್ಟವಾಗಿ ಬರೆದುಕೊಳ್ಳುವುದು ಇಬ್ಬರಿಗೂ ಒಳಿತು.

ಕರಾರಿಗೆ "ಪರವಾನಗಿ" ಎಂದು ಹೆಸರಿಟ್ಟರೆ ಈ ಕಾಯ್ದೆಯಿಂದ ಪಾರಾಗಬಹುದೆಂಬ ಎಣಿಕೆಯೂ ಕೆಲವರಲ್ಲಿದೆ. ನ್ಯಾಯಾಲಯ ಹೆಸರನ್ನಲ್ಲ, ಒಳಗಿನ ವ್ಯವಹಾರವನ್ನು ನೋಡುತ್ತದೆ ಎಂಬುದು 1959ರಲ್ಲಿ ಸುಪ್ರೀಂ ಕೋರ್ಟ್ ಅಸೋಸಿಯೇಟೆಡ್ ಹೋಟೆಲ್ಸ್ ಪ್ರಕರಣದಲ್ಲಿ ನೀಡಿದ ತೀರ್ಪಿನಿಂದಲೂ ನೆಲೆಗೊಂಡ ತತ್ತ್ವ. ಬಾಗಿಲಿನ ಬೀಗ, ಕಟ್ಟಡದ ಪೂರ್ಣ ಬಳಕೆ ಎರಡೂ ಬಾಡಿಗೆದಾರನ ಕೈಯಲ್ಲಿದ್ದರೆ ಅದನ್ನು ಬರಿಯ ಪರವಾನಗಿಯೆಂದು ಸಾಧಿಸುವುದು ಕಷ್ಟ.

ಹೊಸೂರು: ಬರೆಯದ, ನೋಂದಾಯಿಸದ ಬಾಡಿಗೆಗೆ ನೆಲೆಯಿಲ್ಲ

ತಮಿಳುನಾಡು 1960ರ ಹಳೆಯ ಬಾಡಿಗೆ ನಿಯಂತ್ರಣ ಕಾಯ್ದೆಯನ್ನು ಕೈಬಿಟ್ಟು, ಒಡೆಯರು ಮತ್ತು ಬಾಡಿಗೆದಾರರ ಹಕ್ಕು ಹಾಗೂ ಹೊಣೆಗಳ ನಿಯಂತ್ರಣಕ್ಕಾಗಿ 2017ರಲ್ಲಿ ಹೊಸ ಕಾಯ್ದೆಯನ್ನು ರೂಪಿಸಿತು. ಇದು 2019ರ ಫೆಬ್ರವರಿ 22ರಿಂದ ನಗರ ಪ್ರದೇಶಗಳಲ್ಲಿ ಜಾರಿಗೆ ಬಂದಿದೆ. ಹೊಸೂರು ಮಹಾನಗರಪಾಲಿಕೆಯ ಒಡೆಯರು ಈ ಕಾಯ್ದೆಯ ಅಡಿಯಲ್ಲೇ ಬರುತ್ತಾರೆ.

ಇಲ್ಲಿನ ಮೂಲಸೂತ್ರ ಕೇರಳಕ್ಕಿಂತ ಭಿನ್ನ. ಬಾಡಿಗೆ ವ್ಯವಹಾರ ಬರಹದಲ್ಲಿರಬೇಕು, ಮತ್ತು ಅದನ್ನು ಬಾಡಿಗೆ ಪ್ರಾಧಿಕಾರದಲ್ಲಿ ನೋಂದಾಯಿಸಬೇಕು. ಅವಧಿ ಹನ್ನೊಂದು ತಿಂಗಳಾದರೂ ಈ ಹೊಣೆ ತಪ್ಪುವುದಿಲ್ಲ. ಬೆಂಗಳೂರಿನ ರೂಢಿಯಂತೆ ಛಾಪಾ ಕಾಗದದಲ್ಲಿ ಬರೆದು ಕಪಾಟಿನಲ್ಲಿ ಇಟ್ಟುಕೊಂಡ ಕರಾರು ವಿವಾದದ ದಿನ ಒಡೆಯನ ಕೈಹಿಡಿಯುವುದು ಅನುಮಾನ. ಲಿಖಿತ ಕರಾರಿಗೆ ಬರಲು ಪಕ್ಷಗಳು ವಿಫಲವಾಗಿರುವುದು ಸ್ವತಃ ತೆರವಿನ ಕಾರಣಗಳಲ್ಲೊಂದು. ಎರಡು ತಿಂಗಳ ಬಾಡಿಗೆ ಬಾಕಿಯೂ ಇನ್ನೊಂದು ಕಾರಣ.

ಠೇವಣಿಯ ವಿಷಯದಲ್ಲೂ ಅಂತರವಿದೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಪಡೆಯುವ ವಾಡಿಕೆ ಬೆಳೆದುಬಂದಿತ್ತು. ತಮಿಳುನಾಡಿನ ಕಾಯ್ದೆ ಮೂರು ತಿಂಗಳ ಬಾಡಿಗೆಯನ್ನು ಠೇವಣಿಯ ಅಳತೆಗೋಲಾಗಿ ಇಟ್ಟಿದೆ. ವಿವಾದಗಳನ್ನು ಮೊದಲು ಆಲಿಸುವವರು ಡೆಪ್ಯುಟಿ ಕಲೆಕ್ಟರ್ ದರ್ಜೆಗೆ ಕಡಿಮೆಯಲ್ಲದ ಅಧಿಕಾರಿಯಾದ ಬಾಡಿಗೆ ಪ್ರಾಧಿಕಾರ. ಅದರ ಮೇಲೆ ಬಾಡಿಗೆ ನ್ಯಾಯಾಲಯ, ಬಾಡಿಗೆ ನ್ಯಾಯಮಂಡಳಿಗಳಿವೆ.

ಸೊಲ್ಲಾಪುರ: ನೋಂದಾಯಿಸದಿರುವುದೇ ಅಪರಾಧ

ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ 1999ರದು. 2000ದ ಮಾರ್ಚ್ 31ರಂದು ಜಾರಿಗೆ ಬಂತು. ಇದರ 55ನೆಯ ಸೆಕ್ಷನ್ ಸಣ್ಣ ಒಡೆಯರಿಗೆ ಅತ್ಯಂತ ಮುಖ್ಯ. ಬಾಡಿಗೆ ಕರಾರಾಗಲಿ, ಅಲ್ಲಿ "ಲೀವ್ ಆ್ಯಂಡ್ ಲೈಸೆನ್ಸ್" ಎಂದು ಕರೆಯಲಾಗುವ ಪರವಾನಗಿ ಕರಾರಾಗಲಿ, ಅವಧಿ ಎಷ್ಟೇ ಇರಲಿ, ಬರಹದಲ್ಲಿರಬೇಕು ಮತ್ತು ನೋಂದಣಿಯಾಗಬೇಕು. ನೋಂದಾಯಿಸುವ ಹೊಣೆ ಒಡೆಯನದು. ತಪ್ಪಿದರೆ ಮೂರು ತಿಂಗಳವರೆಗಿನ ಸೆರೆವಾಸ, 5,000 ರೂಪಾಯಿವರೆಗಿನ ದಂಡ ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ. ಇದಕ್ಕಿಂತಲೂ ದೊಡ್ಡ ನಷ್ಟ ಇನ್ನೊಂದಿದೆ. ನೋಂದಾಯಿತ ಕರಾರು ಇಲ್ಲದಿದ್ದರೆ, ಷರತ್ತುಗಳೇನೆಂಬ ಬಗ್ಗೆ ಬಾಡಿಗೆದಾರನು ಹೇಳುವ ಮಾತೇ ನಿಲ್ಲುತ್ತದೆ. ಅದು ಸುಳ್ಳೆಂದು ಸಾಧಿಸುವ ಹೊರೆ ಒಡೆಯನ ಮೇಲೆ ಬೀಳುತ್ತದೆ.

ಕ್ರಮಬದ್ಧವಾಗಿ ನೋಂದಾಯಿಸಿದ ಒಡೆಯನಿಗೆ ಇದೇ ಕಾಯ್ದೆ ಬಲವನ್ನೂ ಕೊಡುತ್ತದೆ. ವಾಸಕ್ಕಾಗಿ ಪರವಾನಗಿಯ ಮೇಲೆ ಕೊಟ್ಟ ಮನೆಯನ್ನು ಅವಧಿ ಮುಗಿದ ಮೇಲೂ ಬಿಡದಿದ್ದರೆ 24ನೆಯ ಸೆಕ್ಷನ್ ಪ್ರಕಾರ ಸಕ್ಷಮ ಪ್ರಾಧಿಕಾರದ ಮುಂದೆ ಅರ್ಜಿ ಹಾಕಬಹುದು. ಬಿಡದೆ ಕುಳಿತ ಕಾಲಕ್ಕೆ ಪರವಾನಗಿ ಶುಲ್ಕದ ಎರಡರಷ್ಟು ಪರಿಹಾರವೂ ದೊರೆಯುತ್ತದೆ. ಲಿಖಿತ ಪರವಾನಗಿ ಪತ್ರವನ್ನು ಅದರಲ್ಲಿರುವ ಸಂಗತಿಗಳಿಗೆ ನಿರ್ಣಾಯಕ ಸಾಕ್ಷ್ಯವೆಂದು ಕಾಯ್ದೆ ಪರಿಗಣಿಸುತ್ತದೆ. ಕಾಯ್ದೆಯ ರಕ್ಷಣೆಯುಳ್ಳ ಹಳೆಯ ಬಾಡಿಗೆದಾರರ ವಿಷಯ ಬೇರೆ. ಅಲ್ಲಿ ವರ್ಷಕ್ಕೆ ಶೇ. 4ರ ಏರಿಕೆಗೆ ಅವಕಾಶವಿದ್ದು, ಬಾಕಿಗಾಗಿ ದಾವೆ ಹೂಡುವ ಮೊದಲು 90 ದಿನಗಳ ನೋಟಿಸು ಕೊಡಬೇಕು.

ಮೂರು ರಾಜ್ಯಗಳಲ್ಲೂ ಬದಲಾಗದ ಒಂದು ಮಾತಿದೆ. ಬಾಡಿಗೆದಾರ ಎಷ್ಟೇ ಬಾಕಿ ಉಳಿಸಿಕೊಂಡಿದ್ದರೂ ನೀರು, ವಿದ್ಯುತ್ತು ಕಡಿದುಹಾಕುವಂತಿಲ್ಲ. ಬೀಗ ಬದಲಿಸಿ ಹೊರಗೆ ನಿಲ್ಲಿಸುವಂತಿಲ್ಲ. ಹಾಗೆ ಮಾಡಿದ ಒಡೆಯ ತನ್ನ ನ್ಯಾಯವಾದ ಬೇಡಿಕೆಯನ್ನು ತಾನೇ ದುರ್ಬಲಗೊಳಿಸಿಕೊಳ್ಳುತ್ತಾನೆ.

ಛಾಪಾ ಕಾಗದ ಯಾವ ರಾಜ್ಯದ್ದು?

ಮಂಗಳೂರಿನಲ್ಲಿ ಅಥವಾ ಅತ್ತಿಬೆಲೆಯಲ್ಲಿ ಇ-ಸ್ಟ್ಯಾಂಪ್ ಪಡೆದು ಗಡಿಯಾಚೆಯ ಮನೆಗೆ ಕರಾರು ಬರೆದುಕೊಳ್ಳುವುದು ಅನುಕೂಲವಾಗಿ ಕಾಣಬಹುದು. ಆದರೆ ಮುದ್ರಾಂಕ ಶುಲ್ಕ ರಾಜ್ಯಗಳ ಆದಾಯ. ಕರ್ನಾಟಕಕ್ಕೆ 1957ರ, ಕೇರಳಕ್ಕೆ 1959ರ, ಮಹಾರಾಷ್ಟ್ರಕ್ಕೆ 1958ರ ಮುದ್ರಾಂಕ ಕಾಯ್ದೆಗಳಿವೆ. ತಮಿಳುನಾಡು 1899ರ ಭಾರತೀಯ ಕಾಯ್ದೆಯನ್ನು ತನ್ನ ತಿದ್ದುಪಡಿಗಳೊಂದಿಗೆ ಅನುಸರಿಸುತ್ತದೆ. ಒಂದು ರಾಜ್ಯಕ್ಕೆ ಸಂದ ಶುಲ್ಕ ಇನ್ನೊಂದು ರಾಜ್ಯದ ಬೊಕ್ಕಸಕ್ಕೆ ಸಂದಂತಲ್ಲ. ಸರಿಯಾದ ಶುಲ್ಕವಿಲ್ಲದ ಪತ್ರವನ್ನು ನ್ಯಾಯಾಲಯ ಸಾಕ್ಷ್ಯವಾಗಿ ಸ್ವೀಕರಿಸಬೇಕಾದರೆ ಕೊರತೆಯ ಶುಲ್ಕವನ್ನೂ ದಂಡವನ್ನೂ ಕಟ್ಟಬೇಕಾಗುತ್ತದೆ. ಕೇರಳದಲ್ಲಿ ಆ ದಂಡ ಶುಲ್ಕದ ಹತ್ತು ಪಟ್ಟಿನವರೆಗೂ ಏರಬಹುದು. ಕೆಲವು ನೂರು ರೂಪಾಯಿಗಳ ಉಳಿತಾಯಕ್ಕೆ ಇಂಥ ಅಪಾಯ ತಕ್ಕುದಲ್ಲ.

ಗಲ್ಫ್ ದೇಶಗಳಲ್ಲಿ ದುಡಿಯುವ ಒಡೆಯರು ಊರಿನಲ್ಲಿರುವ ಬಂಧುವಿಗೆ ಅಧಿಕಾರ ಪತ್ರ ಕೊಡುವುದು ಸಾಮಾನ್ಯ. ವಿದೇಶದಲ್ಲಿ ಬರೆದ ಅಧಿಕಾರ ಪತ್ರವನ್ನು ಅಲ್ಲಿನ ಭಾರತೀಯ ರಾಯಭಾರ ಕಚೇರಿಯ ಅಧಿಕಾರಿ ಅಥವಾ ನೋಟರಿಯ ಮುಂದೆ ದೃಢೀಕರಿಸಿ, ಇಲ್ಲಿಗೆ ತಲಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ತುಂಬಿಸಿಕೊಳ್ಳಬೇಕು. ಪತ್ರದಲ್ಲಿ ಬಾಡಿಗೆಗೆ ಕೊಡುವ, ಬಾಡಿಗೆ ವಸೂಲು ಮಾಡುವ, ದಾವೆ ಹೂಡುವ ಅಧಿಕಾರಗಳನ್ನು ಬಿಡಿಬಿಡಿಯಾಗಿ ಹೆಸರಿಸಿರಬೇಕು.

ಕೊಳ್ಳುವ ಮೊದಲು

ಕಾಸರಗೋಡಿನಲ್ಲಿ ನಿವೇಶನ ಕೊಳ್ಳುವವರಿಗೆ ದೊಡ್ಡ ತೊಡಕು ತರುವುದು 2008ರ ಕೇರಳ ಭತ್ತದ ಗದ್ದೆ ಮತ್ತು ಜೌಗುಭೂಮಿ ಸಂರಕ್ಷಣಾ ಕಾಯ್ದೆ. ಕಣ್ಣಿಗೆ ಒಣ ಜಾಗವಾಗಿ ಕಂಡರೂ ಮೂಲ ತೆರಿಗೆ ದಾಖಲೆಯಲ್ಲಿ "ನಿಲಂ", ಅಂದರೆ ಗದ್ದೆ ಎಂದಿದ್ದರೆ ಅಲ್ಲಿ ಮನೆ ಕಟ್ಟಲು ಪರವಾನಗಿ ಸುಲಭವಾಗಿ ಸಿಗದು. "ಪುರಯಿಡಂ", ಅಂದರೆ ಹಿತ್ತಿಲು ಭೂಮಿ ಎಂದಿದೆಯೇ ಎಂಬುದನ್ನು ಮೊದಲು ನೋಡಬೇಕು. ಭತ್ತದ ಗದ್ದೆಗಳ ದತ್ತಾಂಶ ಪಟ್ಟಿಯಲ್ಲಿ ಜಾಗ ತಪ್ಪಾಗಿ ಸೇರಿದ್ದರೆ ಅದನ್ನು ತೆಗೆಸಲು 5ನೆಯ ನಮೂನೆಯಲ್ಲಿ ಅರ್ಜಿ ಹಾಕಬೇಕು. ಪಟ್ಟಿಯಲ್ಲಿಲ್ಲದೆ ದಾಖಲೆಯಲ್ಲಷ್ಟೇ ಗದ್ದೆಯೆಂದಿರುವ ಭೂಮಿಯ ಸ್ವರೂಪ ಬದಲಾವಣೆಗೆ 2018ರ ತಿದ್ದುಪಡಿಯಿಂದ ಸೇರಿದ 27ಎ ಸೆಕ್ಷನ್ ದಾರಿ ತೋರಿಸುತ್ತದೆ. ಈ ಕೆಲಸ ಮುಗಿಯುವ ಮೊದಲೇ ಪೂರ್ಣ ಹಣ ಕೊಟ್ಟವರ ದುಡ್ಡು ಮಣ್ಣಿನಲ್ಲಿ ಹೂತಂತೆಯೇ.

ಇಲ್ಲಿ ಹಳೆಯ ದಾಖಲೆಗಳ ಮಾತೂ ಬರುತ್ತದೆ. 1956ರ ನವೆಂಬರ್ 1ರವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿತ್ತು. ಆ ಕಾಲದ ಆಧಾರಗಳಲ್ಲಿ ಕನ್ನಡದಲ್ಲಿ ಬರೆದವು, ಮೂಲಗೇಣಿ, ಚಾಲಗೇಣಿಗಳ ಉಲ್ಲೇಖವಿರುವವು ಇಂದಿಗೂ ಮನೆಮನೆಗಳಲ್ಲಿವೆ. ಕೇರಳ ಭೂಸುಧಾರಣಾ ಕಾಯ್ದೆಯ ಪ್ರಕಾರ 1970ರ ಜನವರಿ 1ರಂದು ಗೇಣಿದಾರರ ವಶದಲ್ಲಿದ್ದ ಭೂಮಿಯ ಧಣಿಗಳ ಹಕ್ಕು ಸರಕಾರಕ್ಕೆ ಸೇರಿ, ಗೇಣಿದಾರರಿಗೆ ಲ್ಯಾಂಡ್ ಟ್ರಿಬ್ಯೂನಲ್ ಮೂಲಕ ಕ್ರಯ ಸರ್ಟಿಫಿಕೇಟ್ ಪಡೆಯುವ ಹಾದಿ ತೆರೆಯಿತು. ಹಳೆಯ ಗೇಣಿಪತ್ರದಿಂದ ಇಂದಿನ ಮಾರಾಟಗಾರನವರೆಗೆ ಸರಪಳಿಯ ಕೊಂಡಿಗಳೆಲ್ಲ ಇವೆಯೇ, ಆ ಸರ್ಟಿಫಿಕೇಟ್ ಇದೆಯೇ ಎಂದು ಪರಿಶೀಲಿಸದೆ ಮುಂಗಡ ಕೊಡಬಾರದು. ಈ ಪತ್ರಗಳನ್ನು ಓದಬಲ್ಲವರು ಕನ್ನಡ ಬಲ್ಲವರು. ಕನ್ನಡ ಶಾಲೆಯಲ್ಲಿ ಓದಿದ ಮಗು ಅಜ್ಜನ ಆಧಾರವನ್ನು ಓದಿ ಹೇಳಬಲ್ಲುದು ಎಂಬುದು ಭಾವನೆಯ ಮಾತಷ್ಟೇ ಅಲ್ಲ. ಆಸ್ತಿಯ ರಕ್ಷಣೆಯ ಮಾತೂ ಹೌದು.

ಹೊಸೂರಿನ ಸುತ್ತ ಬಡಾವಣೆ ನಿವೇಶನಗಳ ಮಾರಾಟ ಭರದಿಂದ ಸಾಗಿದೆ. ಅನುಮೋದನೆಯಿಲ್ಲದ ಬಡಾವಣೆಗಳ ನಿವೇಶನಗಳನ್ನು ನೋಂದಾಯಿಸಲು ತಮಿಳುನಾಡಿನಲ್ಲಿ ನೋಂದಣಿ ಕಾಯ್ದೆಯ 22-ಎ ಸೆಕ್ಷನ್ ತಡೆಯೊಡ್ಡುತ್ತದೆ. 2016ರ ಅಕ್ಟೋಬರ್ 20ಕ್ಕಿಂತ ಹಿಂದಿನ ಬಡಾವಣೆಗಳನ್ನು ಸಕ್ರಮಗೊಳಿಸಲು 2017ರಲ್ಲಿ ನಿಯಮಗಳು ಬಂದವು. ಕೊಳ್ಳುವ ನಿವೇಶನಕ್ಕೆ ಅನುಮೋದನೆಯ ಸಂಖ್ಯೆಯೋ ಸಕ್ರಮದ ಆದೇಶವೋ ಇದೆಯೇ ಎಂದು ಕೇಳಿ ಪ್ರತಿ ಪಡೆಯಬೇಕು.

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯಲ್ಲಿ ಎಚ್ಚರ ಬೇಕಾದುದು ಕೃಷಿಭೂಮಿಯ ಬಗ್ಗೆ. ಕರ್ನಾಟಕವು 2020ರ ತಿದ್ದುಪಡಿಯಿಂದ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಲು ಅವಕಾಶ ಕೊಟ್ಟಿತು. ಮಹಾರಾಷ್ಟ್ರದಲ್ಲಿ 1948ರ ಕಾಯ್ದೆಯ 63ನೆಯ ಸೆಕ್ಷನ್ ಪ್ರಕಾರ ಕೃಷಿಕರಲ್ಲದವರು ಕಲೆಕ್ಟರರ ಅನುಮತಿಯಿಲ್ಲದೆ ಕೃಷಿಭೂಮಿ ಕೊಳ್ಳುವಂತಿಲ್ಲ. ಕೃಷಿಭೂಮಿಯನ್ನು ಗುಂಟೆಗಳ ಲೆಕ್ಕದಲ್ಲಿ ತುಂಡರಿಸಿ ಮಾರುವುದಕ್ಕೆ 1947ರ ತುಂಡುಭೂಮಿ ತಡೆ ಕಾನೂನು ಅಡ್ಡಬರುತ್ತದೆ. ವಿಜಯಪುರದಲ್ಲಿ ಸಾಧ್ಯವಾದ ಖರೀದಿ ಕೆಲವೇ ಮೈಲುಗಳಾಚೆ ಅಸಿಂಧುವಾಗಬಹುದು.

ಫ್ಲ್ಯಾಟ್ ಅಥವಾ ಹೊಸ ಬಡಾವಣೆಯಾದರೆ 2016ರ ರೇರಾ ಕಾಯ್ದೆ ಎಲ್ಲ ರಾಜ್ಯಗಳಲ್ಲೂ ಕೊಳ್ಳುವವರ ಬೆನ್ನಿಗಿದೆ. ಭೂಮಿ 500 ಚದರ ಮೀಟರಿಗೆ ಮೀರಿದ್ದರೆ ಅಥವಾ ಮನೆಗಳು ಎಂಟಕ್ಕಿಂತ ಹೆಚ್ಚಿದ್ದರೆ ಸಾಮಾನ್ಯವಾಗಿ ಯೋಜನೆ ನೋಂದಣಿಯಾಗಿರಬೇಕು. ನೋಂದಾಯಿತ ಮಾರಾಟ ಕರಾರಿಲ್ಲದೆ ಬೆಲೆಯ ಶೇ. 10ಕ್ಕಿಂತ ಹೆಚ್ಚು ಹಣ ಪಡೆಯುವಂತಿಲ್ಲ. ಕೊಂಡವರಿಂದ ಪಡೆದ ಹಣದ ಶೇ. 70ನ್ನು ಆ ಯೋಜನೆಗೆಂದೇ ಪ್ರತ್ಯೇಕ ಖಾತೆಯಲ್ಲಿಡಬೇಕು. ಒಪ್ಪಿದ ದಿನಕ್ಕೆ ಮನೆ ಕೊಡದಿದ್ದರೆ, ಯೋಜನೆಯಿಂದ ಹಿಂದೆ ಸರಿದು ಬಡ್ಡಿಸಹಿತ ಹಣ ಹಿಂಪಡೆಯುವ ಹಕ್ಕು ಕೊಂಡವನಿಗಿದೆ.

ಭಾಷೆಯ ಹಕ್ಕು

ತಿಳಿಯದ ಭಾಷೆಯ ಕಾಗದಕ್ಕೆ ಸಹಿ ಹಾಕುವುದು ಗಡಿನಾಡಿನ ಹಳೆಯ ಸಂಕಟ. ಇದಕ್ಕೆ ಕಾನೂನಿನಲ್ಲೇ ಕೆಲವು ಆಸರೆಗಳಿವೆ. ನೋಂದಣಿ ಕಾಯ್ದೆಯ 19ನೆಯ ಸೆಕ್ಷನ್, ಉಪನೋಂದಣಾಧಿಕಾರಿಗೆ ತಿಳಿಯದ ಮತ್ತು ಜಿಲ್ಲೆಯಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿಲ್ಲದ ಭಾಷೆಯ ಪತ್ರಕ್ಕೆ ಮಾತ್ರ ಅನುವಾದವನ್ನು ಕಡ್ಡಾಯಗೊಳಿಸುತ್ತದೆ. ಜಿಲ್ಲೆಯಲ್ಲಿ ಕನ್ನಡದ ಬಳಕೆ ಉಳಿದಿರುವುದಕ್ಕೆ ಇಲ್ಲಿ ನೇರವಾದ ಕಾನೂನಿನ ಬೆಲೆಯಿದೆ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಕನ್ನಡ ಅಲ್ಪಸಂಖ್ಯಾತರಿಗೆ ಕಾಸರಗೋಡಿನ ಸ್ಥಳೀಯ ಸರಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲಿ ಪತ್ರವ್ಯವಹಾರ ನಡೆಸುವ, ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕನ್ನು ಕೊಟ್ಟಿದೆ. ಸಂವಿಧಾನದ 350ನೆಯ ವಿಧಿ, ಅಹವಾಲಿನ ಮನವಿಯನ್ನು ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸಲು ಅವಕಾಶ ನೀಡುತ್ತದೆ. ನೋಟಿಸು ಅರ್ಥವಾಗದಿದ್ದರೆ ಸುಮ್ಮನಿರದೆ ಕನ್ನಡದಲ್ಲಿ ಲಿಖಿತವಾಗಿ ವಿವರಣೆ ಕೇಳಬೇಕು. ಆದರೆ ನೋಟಿಸಿನಲ್ಲಿರುವ ಗಡುವು ಉತ್ತರಕ್ಕಾಗಿ ಕಾಯುವುದಿಲ್ಲ ಎಂಬುದೂ ನೆನಪಿರಲಿ.

ಮನೆಯಲ್ಲಿ ಇಟ್ಟುಕೊಳ್ಳಬೇಕಾದ ಕಡತ

ಸಂಕ್ಷೇಪವಾಗಿ, ಪ್ರತಿಯೊಬ್ಬ ಒಡೆಯನ ಕಡತದಲ್ಲಿ ಇವಿಷ್ಟು ಇರಬೇಕೆಂದು ನಾವು ಸೂಚಿಸುತ್ತೇವೆ:

1. ಆಸ್ತಿ ಇರುವ ರಾಜ್ಯದ ಮುದ್ರಾಂಕ ಶುಲ್ಕ ತುಂಬಿದ, ಅಗತ್ಯವಿರುವೆಡೆ ನೋಂದಾಯಿಸಿದ ಕರಾರು. ಅದರ ಜೊತೆಗೆ ಮನೆಯವರೆಲ್ಲರಿಗೂ ಅರ್ಥವಾಗುವ ಕನ್ನಡ ಪ್ರತಿ.

2. ಬಾಡಿಗೆ ಮತ್ತು ಠೇವಣಿಯ ರಸೀದಿಗಳು. ಸಾಧ್ಯವಾದಷ್ಟೂ ಬ್ಯಾಂಕಿನ ಮೂಲಕವೇ ಹಣದ ವ್ಯವಹಾರ.

3. ಕೊಡುವ ದಿನದ ಕಟ್ಟಡದ ಸ್ಥಿತಿಯ ಛಾಯಾಚಿತ್ರಗಳು, ಮೀಟರ್ ಅಂಕಿಗಳು, ಇಬ್ಬರ ಸಹಿಯುಳ್ಳ ಸಾಮಾನುಗಳ ಪಟ್ಟಿ.

4. ಕಳುಹಿಸಿದ ನೋಟಿಸುಗಳ ಪ್ರತಿ ಮತ್ತು ಅಂಚೆಯ ಸ್ವೀಕೃತಿ.

5. ಹಕ್ಕಿನ ಮೂಲಪತ್ರಗಳು, ಇತ್ತೀಚಿನ ತೆರಿಗೆ ರಸೀದಿ, ಋಣಭಾರ ಪ್ರಮಾಣಪತ್ರ. ಹಳೆಯ ಕನ್ನಡ ಪತ್ರಗಳಿದ್ದರೆ ಅವುಗಳ ಛಾಯಾಪ್ರತಿ ಮತ್ತು ಇಂದಿನ ಲಿಪಿಯಲ್ಲಿ ಸ್ಫುಟವಾಗಿ ಬರೆದ ನಕಲು.

ಇವೆಲ್ಲವೂ ಬಾಡಿಗೆದಾರನ ವಿರುದ್ಧದ ಆಯುಧಗಳಲ್ಲ. ಗಡಿನಾಡಿನಲ್ಲಿ ಇಂದಿನ ಒಡೆಯನ ಮಗನೋ ಮಗಳೋ ನಾಳೆ ಕೆಲಸಕ್ಕಾಗಿ ಬೇರೊಂದು ಊರಿನಲ್ಲಿ ಬಾಡಿಗೆದಾರರಾಗಿರುತ್ತಾರೆ. ಎರಡೂ ಕಡೆಯವರು ಓದಿ ಅರ್ಥಮಾಡಿಕೊಂಡು ಸಹಿ ಹಾಕಿದ ಕರಾರು ಇಬ್ಬರನ್ನೂ ಕಾಯುತ್ತದೆ. ಶುಲ್ಕದ ದರ, ನಮೂನೆ, ಗಡುವುಗಳು ಕಾಲಕಾಲಕ್ಕೆ ಬದಲಾಗುವುದರಿಂದ ಸಹಿಗೆ ಮೊದಲು ಆಯಾ ಊರಿನ ಉಪನೋಂದಣಿ ಕಚೇರಿಯಲ್ಲಿ ವಿಚಾರಿಸಿ, ವಿವಾದದ ಸುಳಿವಿದ್ದರೆ ಅಲ್ಲಿನ ನ್ಯಾಯಾಲಯದಲ್ಲಿ ವಾದಿಸುವ ವಕೀಲರನ್ನು ಕಾಣುವುದು ಯುಕ್ತ. ಮಂಗಳೂರಿನ ಅಥವಾ ಬೆಂಗಳೂರಿನ ಬಂಧುಗಳ ಸಲಹೆ ಎಷ್ಟೇ ಪ್ರೀತಿಯದಾದರೂ ಅದು ಅವರ ಊರಿನ ಕಾನೂನಿನದು.